ನೀಲಿ ಸ್ವೆಟರಿನ ನಾಲ್ಕನೇ ಗುಂಡಿ

ನನ್ನ ಗಂಡ ಆ ಸಿನಿಮಾಕ್ಕೆ ಹೋದದ್ದು ಅದನ್ನು ನಿಲ್ಲಿಸಲು. ಮೈ ಮಾರಿಕೊಂಡು ಬದುಕುವ ಹೆಂಗಸರ ಕಥೆಯಂತೆ. ಮಾನವಂತರ ಊರಿಗೆ ಅದು ತಕ್ಕದ್ದಲ್ಲ ಎಂದು ಗಲಾಟೆ ಎದ್ದಿತ್ತು, ಗಲಾಟೆಯ ಮುಂದಾಳು ಇವರೇ. ಕೆಟ್ಟದ್ದು ಎನ್ನಲು ಒಮ್ಮೆಯಾದರೂ ನೋಡಬೇಕಲ್ಲ? ಹಾಗಾಗಿ ವರ್ತಕರ ಸಂಘದವರೆಲ್ಲ ಶುಕ್ರವಾರ ಅಂಗಡಿ ಬಾಗಿಲು ಹಾಕಿ ಮಧ್ಯಾಹ್ನದ ಆಟಕ್ಕೆ ಹೋದರು. ಇವರದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕಾಣಿಸುವವರು ಅಂದು ಪರದೆಯ ಮೇಲೆ ಏನು ಕಂಡರೋ, ಸಂಜೆ ಬಂದವರು ಬೂಟು ಕೂಡ ಕಳಚದೆ ನೇರವಾಗಿ ನನ್ನ ಬೀರು ತೆರೆದರು.

"ನೀಲಿ ಸ್ವೆಟರ್ ಎಲ್ಲಿ?"

ಆ ಸ್ವೆಟರ್ ಕಳೆದ ಚಳಿಗಾಲದಿಂದ ನಾಪತ್ತೆ. ಅಮ್ಮ ಸಾಯುವ ಮುಂಚೆ ಹೆಣೆದ ಕೊನೆಯ ಸ್ವೆಟರ್ ಅದು. ನೀಲಿ ಉಣ್ಣೆ ಸಾಲದೆ ಎಡತೋಳಿನ ತುದಿಯನ್ನು ಹಳದಿಯಲ್ಲಿ ಮುಗಿಸಿದ್ದಳು. ನಾಲ್ಕನೇ ಗುಂಡಿ ಬಿದ್ದುಹೋದಾಗ ಇವರೇ ತಮ್ಮ ಹಳೇ ಕೋಟಿನ ಕಂದು ಗುಂಡಿ ಕಿತ್ತು, ನನ್ನೆದುರು ಕೂತು, ಬೆರಳಿಗೆ ಸೂಜಿ ಚುಚ್ಚಿಕೊಂಡು ಹೊಲಿದಿದ್ದರು. ಮದುವೆಯಾದ ಹೊಸತು. ಈಗ ಹೇಳಿದರೆ ಯಾರೂ ನಂಬುವುದಿಲ್ಲ.

"ಕಳೆದುಹೋಗಿದೆ," ಎಂದೆ.

"ಕಳೆದಿಲ್ಲ. ಆ ಸಿನಿಮಾದವಳ ಮೈಮೇಲಿದೆ. ಅದೇ ಹಳದಿ ತೋಳು, ನನ್ನ ಕೋಟಿನ ಗುಂಡಿ! ಆ ಗುಂಡೀನ ಒಬ್ಬ ಗಿರಾಕಿ ಬಿಚ್ತಾನೆ, ಊರೆಲ್ಲ ಕೂತು ನೋಡ್ತಿದೆ. ಅಲ್ಲಿಗೆ ಹೇಗೆ ಹೋಯ್ತು? ಕಾಲು ಬಂದು ನಡ್ಕೊಂಡು ಹೋಯ್ತಾ?"

"ಸಿನಿಮಾದವರು ಹಳೇ ಬಟ್ಟೆ ಕೊಂಡ್ಕೋತಾರಂತೆ..."

"ಸಿನಿಮಾದವರ ವಿಷಯ ನಿನಗೆ ಹೇಗೆ ಗೊತ್ತು?"

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಮಾತಾಡಿದರೂ ತಪ್ಪು, ಸುಮ್ಮನಿದ್ದರೂ ತಪ್ಪು. ಯಾರ ಕೋಣೆಯಲ್ಲಿ ಬಿಚ್ಚಿಟ್ಟು ಬಂದೆ ಎಂದು ಕೂಡ ಕೇಳಿದರು. ಕೊನೆಗೆ ನನ್ನ ಬಟ್ಟೆಗಳನ್ನೆಲ್ಲ ತಾವೇ ಚೀಲಕ್ಕೆ ತುರುಕಿ, ಪಕ್ಕದೂರಿನ ನನ್ನ ಅಣ್ಣನಿಗೆ ಫೋನ್ ಮಾಡಿ, "ಭಾನುವಾರ ಬಂದು ನಿಮ್ಮ ತಂಗೀನ ಕರ್ಕೊಂಡು ಹೋಗಿ. ಮತ್ತೆ ಕಳಿಸಬೇಡಿ" ಎಂದರು.

ಅತ್ತೆ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡೂ ಕೇಳದವರಂತೆ ಕೆಂಪು ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ಕಲಕುತ್ತಿದ್ದರು. ಟಬ್ಬನ್ನೇ ನೋಡುತ್ತಾ ನಿಂತೆ. ಅದೂ ಕಳೆದ ಚಳಿಗಾಲದಲ್ಲೇ ಮನೆಗೆ ಬಂದದ್ದು.

"ಅತ್ತೆ, ಈ ಟಬ್ ಎಲ್ಲಿಂದ ಬಂತು?"

"ನನ್ನ ತಂಗಿ ಕೊಟ್ಟಿದ್ದು. ಟಬ್ಬಿನ ಲೆಕ್ಕ ಕೇಳೋಳು ಮೊದಲು ಸ್ವೆಟರಿನ ಲೆಕ್ಕ ಹೇಳು," ಎಂದರು, ತಲೆಯೆತ್ತದೆ.

ಎಂಜಲು ಕೈಯಲ್ಲಿ ಕಾಗೆ ಓಡಿಸದ ಆ ತಂಗಿ ಟಬ್ ಕೊಟ್ಟಳಂತೆ!

ಹಳೇ ಬಟ್ಟೆಗೆ ಪ್ಲಾಸ್ಟಿಕ್ ಸಾಮಾನು ಕೊಡುವ ಗಾಡಿಯವನು ನಮ್ಮ ಬೀದಿಗೆ ಬರುವುದು ಭಾನುವಾರ ಬೆಳಿಗ್ಗೆ. ಅಷ್ಟರಲ್ಲಿ ಅಣ್ಣ ಬಂದು ನೆಲ ನೋಡುತ್ತಾ ಕೂತಿದ್ದ. ಗಾಡಿಯವನ ಕೂಗು ಕೇಳಿದ್ದೇ ಓಡಿಹೋಗಿ ಅವನನ್ನು ಬಾಗಿಲಿಗೇ ಕರೆತಂದೆ.

"ನೀಲಿ ಸ್ವೆಟರ್, ಒಂದು ತೋಳಿನ ತುದಿ ಹಳದಿ. ನೆನಪಿದೆಯಾ?"

"ನೆನಪಿಲ್ದೆ ಏನಮ್ಮ? ಚಿಕ್ಕ ಟಬ್ ಕೊಡ್ತೀನಿ ಅಂದ್ರೆ ಅಜ್ಜಿ ಒಪ್ಲೇ ಇಲ್ಲ. ದೊಡ್ಡ ಕೆಂಪುದೇ ಬೇಕು ಅಂತ ಪಟ್ಟು ಹಿಡಿದು ಕೂತ್ರು. ಆಮೇಲೆ ಸಿನಿಮಾದವ್ರು ಬಂದು ಮೂಟೆಗೆ ಮೂಟೇನೆ ತಗೊಂಡ್ರು."

ಅತ್ತೆ ಬಾಗಿಲ ಹಿಂದಿನಿಂದಲೇ ಸಿಡಿದರು. "ಹೌದು, ಕೊಟ್ಟೆ! ಸತ್ತವಳ ಸ್ವೆಟರ್ ಮೂಸ್ಕೊಂಡು ಅಳೋದು ನೋಡಿ ನೋಡಿ ಸಾಕಾಗಿತ್ತು. ಈ ಮನೇಲಿ ಇವಳಿಗೆ ಏನು ಕಮ್ಮಿ ಮಾಡಿದೀವಿ?"

ಒಂದು ಮಾತು ಹೇಳಿದ್ದರೆ ಶುಕ್ರವಾರವೇ ಮುಗಿಯುತ್ತಿತ್ತು. ಸೊಸೆಯ ಮಾನ ಬೀದಿಗೆ ಬಿದ್ದರೂ ಸರಿ, ತಮ್ಮ ಬಾಯಿ ಭದ್ರವಾಗಿರಲಿ ಎಂದುಕೊಂಡಿದ್ದರು. ಅವರನ್ನು ಆ ಕ್ಷಣ ದ್ವೇಷಿಸಿದೆ. ಈಗಲೂ ದ್ವೇಷಿಸುತ್ತೇನೆ.

ನನ್ನ ಗಂಡ ನಕ್ಕರು! "ಇಷ್ಟೇನಾ? ಮೊದಲೇ ಹೇಳಬಾರದಾ ಅಮ್ಮ?" ಆಮೇಲೆ ನನ್ನ ಕಡೆ ತಿರುಗಿ, "ಆ ಚೀಲ ಒಳಗಿಡು. ಭಾವ, ಊಟ ಮಾಡ್ಕೊಂಡೇ ಹೋಗಿ. ಸಿನಿಮಾನೂ ನಿನ್ನೆ ಇಲ್ಲಿಂದ ಎತ್ತಿಸಿದ್ವಿ, ಇನ್ನು ಯಾರೂ ನೋಡಲ್ಲ" ಎಂದರು.

ಯಾರೂ ನೋಡಲ್ಲ. ಅಮ್ಮನ ಕೈಯ ಹೆಣಿಗೆ ನನ್ನ ಪಾಲಿಗೆ ಉಳಿದಿದ್ದದ್ದು ಆ ಪರದೆಯ ಮೇಲೆ ಮಾತ್ರ. ಅದನ್ನೂ ಇವರೇ ಕಿತ್ತುಹಾಕಿಸಿದ್ದರು.

"ಅಣ್ಣ, ನಿಮ್ಮೂರಲ್ಲಿ ಆ ಸಿನಿಮಾ ಇದೆಯಾ?"

"ಓಡ್ತಿದೆ," ಎಂದ ಅಣ್ಣ, ಇವರ ಮುಖ ನೋಡುತ್ತಾ.

ಚೀಲ ಎತ್ತಿಕೊಂಡೆ. "ಥಿಯೇಟರ್ ತುಂಬ ಜನ ಇದ್ರು. ಎಲ್ರೂ ಒಬ್ಬ ನಟೀನ ನೋಡಿದ್ರು. ಅವಳಲ್ಲಿ ನಿಮ್ಮ ಹೆಂಡ್ತೀನ ಕಂಡದ್ದು ನೀವೊಬ್ರೇ. ನಾನು ಹೋಗಿ ನಮ್ಮಮ್ಮನ್ನ ನೋಡ್ಕೋತೀನಿ."

ಇವರು ಮೆಟ್ಟಿಲಿನವರೆಗೆ ಹಿಂದೆಯೇ ಬಂದರು. "ವಾಪಸ್ ಯಾವಾಗ?"

"ಚೀಲ ತುಂಬಿದ್ದು ನೀವು," ಎಂದೆ. "ಎಷ್ಟು ದಿನಕ್ಕೆ ಅಂತ ತುಂಬಿದ್ರಿ, ನೀವೇ ನೆನಪು ಮಾಡ್ಕೊಳ್ಳಿ."