ಮೃಗ ಸಾಯುವ ದೃಶ್ಯ

ದೈತ್ಯ ಮೃಗದ ಹಳೆಯ ಸಿನಿಮಾವನ್ನು ಹೊಸದಾಗಿ ಮತ್ತೆ ತೆಗೆದಿದ್ದರು. ಪ್ರೇಕ್ಷಕರು ಬರೆದ ಅಭಿಪ್ರಾಯಗಳನ್ನು ಮಗಳು ಫೋನಿನಲ್ಲಿ ನೋಡಿ, ಕಣ್ಣು ಮಂಜಾದ ಅಪ್ಪನಿಗೆ ಓದಿ ಹೇಳುತ್ತಿದ್ದಳು. ಅಪ್ಪ ದರ್ಜಿ. ಹಳೆಯ ಸಿನಿಮಾದ ಮೃಗಕ್ಕೆ ರಬ್ಬರಿನ ವೇಷ ಹೊಲಿದವನು ಅವನೇ.

"'ಹೊಸ ಮೃಗ ಬೆಟ್ಟದಷ್ಟಿದೆ, ಆದ್ರೆ ಜೀವ ಇಲ್ಲ' ಅಂತಾರೆ ಒಬ್ರು. ಇನ್ನೊಬ್ರು ಹೇಳೋದು ಕೇಳಪ್ಪ: 'ಹಳೇದು ಬೆಂಕೀಲಿ ಒದ್ದಾಡಿ ಸಾಯೋದನ್ನ ನೋಡಿದ್ರೆ ಈಗ್ಲೂ ಕರುಳು ಚುರ್ ಅನ್ನುತ್ತೆ. ಎಂಥ ನಟನೆ!'"

ದರ್ಜಿ ತಲೆ ಅಲ್ಲಾಡಿಸಿದ. "ನಟನೆ ಅಲ್ಲ ಕಣೇ. ಒಳಗಿದ್ದವನು ನಿನ್ನ ಚಿಕ್ಕಪ್ಪ."

ಚಿಕ್ಕಪ್ಪ ಜ್ವರ ಬಂದು ಸತ್ತನೆಂದೇ ಅವಳು ತಿಳಿದಿದ್ದಳು.

"ಹೊಲಿಗೆ ಕಾಣಬಾರ್ದು ಅಂತ ಜಿಪ್ಪನ್ನ ಬೆನ್ನಿಗೆ ಹಾಕಿದ್ದೆ. ಹೊಗೆ ಒಳಗೆ ನುಗ್ತು. ಅವನ ಕೈಗೆ ಜಿಪ್ಪು ಎಟುಕಲಿಲ್ಲ. ಅವನು ಕೈಕಾಲು ಬಡೀತಿದ್ದ, ನಾವೆಲ್ಲ ಚಪ್ಪಾಳೆ ಹೊಡೀತಿದ್ವಿ. ಕಂಪನಿಯವರು ಜ್ವರ ಅಂತ ಬರೆಸಿದ್ರು. ನಾನೂ ಬಾಯಿಗೆ ಹೊಲಿಗೆ ಹಾಕ್ಕೊಂಡೆ." ಫೋನಿನತ್ತ ಕೈ ತೋರಿಸಿ, "ಇದನ್ನ ಅಲ್ಲಿ ಬರಿ," ಎಂದ.

ಅವಳು ಕಣ್ಣೊರೆಸಿಕೊಂಡು ಒಂದಕ್ಷರ ಬಿಡದೆ ಬರೆದಳು. ಐದೇ ನಿಮಿಷದಲ್ಲಿ ಉತ್ತರ ಬಂತು: 'ತಾತ ಚೆನ್ನಾಗಿ ರೀಲು ಬಿಡ್ತಾರೆ.' ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟತೊಡಗಿದವು.

"ಏನಂದ್ರು?" ಎಂದು ದರ್ಜಿ ಕೇಳಿದ.

"ಇನ್ನೂ ಯಾರೂ ನೋಡಿಲ್ಲಪ್ಪ," ಎಂದು ಮಗಳು ಫೋನನ್ನು ಬೋರಲು ಹಾಕಿದಳು.

"ನೋಡ್ತಾರೆ ಬಿಡು," ಎಂದು ಅವನು ಕಾಯುತ್ತ ಕುಳಿತ.