ಹದಿನಾಲ್ಕು ಸಲ ಸಿಕ್ಕಿಬಿದ್ದ ಗಂಟು

ಪೀರಪ್ಪನ ಅಂಗಿಗೆ ಎರಡು ತೋಳುಗಳಿದ್ದವು. ಆದರೆ ಅವೆರಡೂ ಒಂದೇ ಅಂಗಿಯವಲ್ಲ. ಎಡಗಡೆಯದು ಸತ್ತ ಮಾವನದು, ಬಲಗಡೆಯದು ಹಳೆಯ ಖಾಕಿಯದು. ನಡುವಿನ ಭಾಗ ಯಾರದೆಂದು ಹೊಲಿದ ಹೆಂಡತಿ ಬಂಡೆಮ್ಮನಿಗೂ ನೆನಪಿರಲಿಲ್ಲ. ಅವರ ಮನೆಯಲ್ಲಿ ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿ ಪಲ್ಲೆ. ಸಂಜೆ ಪುಂಡಿ ಪಲ್ಲೆ, ಜೋಳದ ರೊಟ್ಟಿ. ಬೇಸಿಗೆಯಲ್ಲಿ ಆ ಹುಳಿಸೊಪ್ಪು ಹಸಿಯಾಗಿ ಸಿಗುವುದಿಲ್ಲವೆಂದು ಬಂಡೆಮ್ಮ ಎಲೆ ಒಣಗಿಸಿ ಗಡಿಗೆ ತುಂಬಿಡುತ್ತಿದ್ದಳು. ಆ ಗಡಿಗೆಯೇ ಅವರ ಆಸ್ತಿ. ಠಾಣೆಯ ಪೊಲೀಸರು ಆಗಾಗ ಬಂದು ಅದರಿಂದಲೂ ಒಂದು ಬೊಗಸೆ ಕೇಳಿ ಒಯ್ಯುತ್ತಿದ್ದರು. ಕೇಳಿ ಒಯ್ಯುತ್ತಿದ್ದರು ಎಂಬುದು ಮರ್ಯಾದೆಯ ಮಾತು.

ಪೀರಪ್ಪ ಕಮಲಾಪುರದ ರೇವಣಪ್ಪ ಸಾಹುಕಾರನ ಎರಡು ಎಕರೆ ಕೆಂಪು ಬಾಳೆ ತೋಟವನ್ನು ಪಾಲಿಗೆ ಮಾಡುತ್ತಿದ್ದ. ಹಣ್ಣು ಹೈದರಾಬಾದಿನ ದೊಡ್ಡವರ ಮನೆಗೆ ಹೋಗುತ್ತಿತ್ತು. ಪೀರಪ್ಪನ ಮನೆಗೆ ಬರುತ್ತಿದ್ದದ್ದು ಹೆಚ್ಚಾಗಿ ಬಾಳೆಎಲೆ. ಹಗಲು ತೋಟ ಮಾಡಿ, ಸಂಜೆ ಅದೇ ಸಾಹುಕಾರನ ಗಾಂಜಾ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ.

ಗಾಂಜಾ ಅಂಗಡಿ ಎಂದರೆ ಕದ್ದುಮುಚ್ಚಿ ನಡೆಯುವುದಲ್ಲ. ನಿಜಾಮರ ಕಾಲದಿಂದ ಸಂತೆಬೀದಿಯಲ್ಲಿ ರಾಜಾರೋಷವಾಗಿ ಇದ್ದ ಅಂಗಡಿ. ಮೇಲೆ ಉರ್ದು ಫಲಕ, ಒಳಗೆ ಆಬ್ಕಾರಿ ಮೊಹರಿನ ತಕ್ಕಡಿ, ವರ್ಷಕ್ಕೊಮ್ಮೆ ಸರ್ಕಾರಿ ಹರಾಜು. ಹರಾಜು ಹಿಡಿದ ಗುತ್ತೇದಾರ ರೇವಣಪ್ಪ. ಹನ್ನೆರಡು ವರ್ಷ ತೂಗಿದವನು ಪೀರಪ್ಪ. ತೂಗಿದನೇ ಹೊರತು ಸೇದಿದವನಲ್ಲ. ಒಂದೇ ಒಂದು ಸಲ ಸೇದಿ, ದಾರಿಯಲ್ಲಿ ನಿಂತ ಎಮ್ಮೆಯನ್ನು ತಹಸೀಲ್ದಾರನೆಂದು ತಿಳಿದು, ಸಲಾಮು ಹೊಡೆದು, ತನ್ನ ಕಷ್ಟವನ್ನೆಲ್ಲ ಹೇಳಿಕೊಂಡಿದ್ದ. ಎಮ್ಮೆ ಅರ್ಜಿ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಬಿಟ್ಟ.

ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮರ ಬಾವುಟ ಇಳಿಯಿತು. ಹೊಸ ಸರ್ಕಾರ ಬಂದು ಎರಡು ವರ್ಷ ದಾಟಿದ ಮೇಲೆ ಗಾಂಜಾ ಅಂಗಡಿ ಬಂದ್ ಮಾಡಬೇಕೆಂದು ಹುಕುಂ ಬಂತು. ರೇವಣಪ್ಪ ಬಿಳಿ ಟೊಪ್ಪಿಗೆ ಹಾಕಿಕೊಂಡು, ತನ್ನ ಅಂಗಡಿಗೆ ತಾನೇ ಬೀಗ ಜಡಿದು ಭಾಷಣ ಮಾಡಿದ. "ಈ ವಿಷ ಇವತ್ತಿಗಿ ಮುಗೀತು ಬಂಧುಗಳೇ!" ಎಂದು ಕಣ್ಣೊರೆಸಿಕೊಂಡ. ಜನ ಹಾರ ಹಾಕಿದರು.

ಮರುದಿನ ಅದೇ ಮಾಲು ಅವನ ದನದ ಕೊಟ್ಟಿಗೆಯಲ್ಲಿ ಸಿಗತೊಡಗಿತು. ಒಂದಾಣೆಯ ಚಿಟಿಕೆಗೆ ಈಗ ನಾಲ್ಕಾಣೆ. ತಕ್ಕಡಿ ಇಲ್ಲ, ಮೊಹರಿಲ್ಲ, ಹರಾಜಿಲ್ಲ. ಮಾಲಿನಲ್ಲಿ ಅರ್ಧ ಸೆಗಣಿಪುಡಿ. ಸೇದುವವರು ಅಷ್ಟೇ ಇದ್ದರು, ಕೆಮ್ಮುವವರು ಮಾತ್ರ ಹೆಚ್ಚಾದರು.

ಕಾಯ್ದೆ ಬಂದ ಮೇಲೆ ಕೇಸೂ ಬೇಕಲ್ಲ. ತಿಂಗಳಿಗೊಂದು ಗಾಂಜಾ ಕೇಸು ತೋರಿಸಬೇಕೆಂದು ಜಮಾದಾರ ಹಣಮಂತನಿಗೆ ಮೇಲಿನಿಂದ ತಾಕೀತಾಯಿತು. ಸಾಹುಕಾರನನ್ನು ಹಿಡಿಯುವಂತಿಲ್ಲ, ಠಾಣೆಯ ಹಾಲು ಅದೇ ಕೊಟ್ಟಿಗೆಯಿಂದ ಬರುತ್ತಿತ್ತು. ಜಮಾದಾರ ಕೂಲಿಗಳಿಗೆ ಪಾಳಿ ಹಚ್ಚಿದ. ತಿಂಗಳಿಗೊಬ್ಬ ಸಿಕ್ಕಿಬೀಳಬೇಕು, ತಪ್ಪು ಒಪ್ಪಿಕೊಳ್ಳಬೇಕು, ಹದಿನೈದು ದಿನ ಕಲಬುರಗಿ ಜೇಲಿನಲ್ಲಿದ್ದು ಬರಬೇಕು. ಹೋದವನ ಮನೆಗೆ ಎರಡು ಸೇರು ಜೋಳ. ಮುಟ್ಟುತ್ತಿದ್ದದ್ದು ಒಂದೂವರೆ.

ಎಲ್ಲರ ಮೇಲೂ ಸಿಗುತ್ತಿದ್ದ ಗಂಟು ಒಂದೇ. ನೀಲಿ ಅರಿವೆ, ಮೂಲೆಗೆ ಕೆಂಪು ತೇಪೆ. ಕೇಸು ಮುಗಿದ ಮೇಲೆ ಅದು ಮೋಟಾರು ಹತ್ತಿ ಠಾಣೆಗೆ ವಾಪಸು ಬರುತ್ತಿತ್ತು. ಹೀಗೆ ಹದಿಮೂರು ಸಲ ಸಿಕ್ಕಿಬಿದ್ದಿತ್ತು. ಊರಲ್ಲಿ ಅದರಷ್ಟು ಸಲ ಕಲಬುರಗಿ ನೋಡಿದವರು ಯಾರೂ ಇರಲಿಲ್ಲ.

ಹದಿನಾಲ್ಕನೆಯ ತಿಂಗಳು ಜಮಾದಾರ ನೆಟ್ಟಗೆ ಬಾಳೆ ತೋಟಕ್ಕೆ ಬಂದ. ಹಿಂದೆ ರೇವಣಪ್ಪ ಸಾಹುಕಾರ.

"ನಡಿಯೋ ಪೀರ್ಯಾ."

"ನನ್ನ ಪಾಳಿ ಅಲ್ರೀ ಸಾಹೇಬ್ರ. ಈ ತಿಂಗಳ ಯಂಕಪ್ಪಂದು."

ಪಕ್ಕದ ಹೊಲದಿಂದ ಯಂಕಪ್ಪ ಓಡಿ ಬಂದ. "ಹೌದ್ರೀ, ನಂದೇ! ಹಾಸಿಗಿ ಸುತ್ತಿಟ್ಟು ಕುಂತೀನಿ. ಜೇಲಿನ್ಯಾಗ ಫುಕಟ್ ಮಾಡ್ತಾರಂತ ಕ್ಷೌರಾನೂ ಮಾಡಿಸಿಲ್ರೀ."

"ನಿಂದು ಮುಂದಿನ ತಿಂಗಳ," ಎಂದ ಜಮಾದಾರ. "ಪೀರಪ್ಪಂದು ಈ ಸಲ ದೊಡ್ಡ ಕೇಸು. ಮೂರು ತಿಂಗಳದ್ದು."

ಪೀರಪ್ಪ ಬೆರಳು ಮಡಚಿ ದಿನ ಎಣಿಸಿದ. ಬುಧವಾರ ತಹಸೀಲ್ದಾರರು ಚಾವಡಿಯಲ್ಲಿ ಕೂಡುವವರಿದ್ದರು. ಆರು ವರ್ಷಕ್ಕಿಂತ ಹೆಚ್ಚು ಪರರ ಭೂಮಿ ಉತ್ತವರ ಹೆಸರು ಬರೆದುಕೊಳ್ಳುತ್ತಾರೆ, ಬರೆದ ಮೇಲೆ ಯಾವ ಸಾಹುಕಾರನೂ ಅವರನ್ನು ಬಿಡಿಸುವಂತಿಲ್ಲ ಎಂದು ಡಂಗುರ ಹೊಡೆದಿದ್ದರು. ಪೀರಪ್ಪ ಎಂಟು ವರ್ಷ ಉತ್ತಿದ್ದ. ಆದರೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಬುಧವಾರ ಜೇಲಿನಲ್ಲಿದ್ದರೆ ತೋಟ ಹೋಯಿತು. ಸಾಹುಕಾರನ ಮೀಸೆಯ ಕೆಳಗೆ ನಗು ಯಾಕಿದೆ ಎಂದು ಆಗ ಅವನಿಗೆ ತಿಳಿಯಿತು.

ಜಮಾದಾರ ಬಾಳೆಗಿಡದ ಬುಡದಲ್ಲಿ ಗಂಟು ಇಟ್ಟು, ತಾನೇ ಹುಡುಕಿ, ತಾನೇ ಬೆರಗಾದ. ಆಮೇಲೆ ಪಂಚನಾಮೆ ಬರೆಯಲು ಕೂತ.

"ತೋಟ ಯಾರದಂತ ಬರೀಲಿ?"

"ಯಾರದಂದ್ರ? ನಂದು!" ಎಂದ ಸಾಹುಕಾರ.

"ಹಂಗ ಬರದ್ರ ಗಾಂಜಾನೂ ನಿಮ್ದೇ ಆಗ್ತದ್ರೀ ಸಾಹುಕಾರ್ರ."

ನೆಲ ಕಾದಿದೆಯೋ ಎಂಬಂತೆ ಸಾಹುಕಾರ ಜಿಗಿದ. "ಏ ಬ್ಯಾಡ, ಬ್ಯಾಡ! ಪಟ್ಟಾ ಅಷ್ಟೇ ನಂದು. ಉಳಾವ ಅವ, ಬೆಳ್ಯಾವ ಅವ, ಕಬ್ಜಾ ಎಲ್ಲಾ ಅವಂದೇ. ನಾ ಈ ತೋಟದಾಗ ಕಾಲಿಟ್ಟಿಲ್ಲಂತ ಬರೀರಿ." ಹೀಗೆಂದಾಗ ಅವನ ಎರಡೂ ಕಾಲು ತೋಟದ ಕೆಸರಿನಲ್ಲಿದ್ದವು.

ಪೀರಪ್ಪ ಮೆಲ್ಲಗೆ ಕೆಮ್ಮಿದ. "ಎಷ್ಟು ವರ್ಷದಿಂದ ಅಂತನೂ ಬರೀರಿ ಸಾಹೇಬ್ರ. ಕೋರ್ಟಿನ್ಯಾಗ ಕೇಳ್ತಾರ. ಎಂಟು ವರ್ಷ ಆತು."

"ಹತ್ತಂತ ಬರೀರಿ!" ಎಂದ ಸಾಹುಕಾರ. "ಹಳೇ ಕಳ್ಳ ಅಂದ್ರ ಕೇಸು ಗಟ್ಟಿ ಆಗ್ತದ." ಬುಧವಾರ ಪೀರಪ್ಪನೇ ಇರುವುದಿಲ್ಲ, ಇನ್ನು ಈ ಕಾಗದ ಓದುವವರಾರು ಎಂಬುದು ಅವನ ಲೆಕ್ಕ. ಸಾಕ್ಷಿಯ ಪಂಚನಾಗಿ ಉದ್ದನೆಯ ಸಹಿ ಹಾಕಿ, ಕೆಳಗೆ ಎರಡು ಗೆರೆ ಎಳೆದ.

ಪೀರಪ್ಪ ಹೆಬ್ಬೆಟ್ಟು ಒತ್ತಿದ. ಒತ್ತುವ ಮೊದಲು ಹತ್ತು ವರ್ಷದ ಸಾಲನ್ನು ಎರಡು ಸಲ ಓದಿಸಿ ಕೇಳಿಕೊಂಡ.

ಸೋಮವಾರ ಕಲಬುರಗಿಯ ಕೋರ್ಟಿನಲ್ಲಿ ಅವನನ್ನು ನಿಲ್ಲಿಸಿದರು. ಹೊಸ ಮುನ್ಸೀಫ್ ಜಯತೀರ್ಥರಾಯರು ಅಲ್ಲಿಯೇ ಬ್ರಹ್ಮಪುರದವರು. ಗುಮಾಸ್ತ ಸಲಾವುದ್ದೀನ್ ಪಂಚನಾಮೆ ಓದಿದ. ಮೇಜಿನ ಮೇಲೆ ನೀಲಿ ಗಂಟು ಹಳೆಯ ನೆಂಟನಂತೆ ಕೂತಿತ್ತು.

"ತಪ್ಪು ಒಪ್ಕೋತೀ ಏನಪಾ?" ಎಂದರು ಮುನ್ಸೀಫರು.

"ಮೊದಲ ಮಾಲು ನೋಡ್ತೀನ್ರಿ. ಹನ್ನೆರಡು ವರ್ಷ ಸರ್ಕಾರಿ ತಕ್ಕಡಿ ಹಿಡದೀನಿ. ನೋಡ್ಲಾರ್ದ ಎಂದೂ ತೂಕ ಹೇಳಿಲ್ಲ."

ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ. ಗಂಟು ಬಿಚ್ಚಿದರು. ಪೀರಪ್ಪ ಮೂಸಿದ. ಒಂದು ಎಲೆ ಬಾಯಿಗೆ ಹಾಕಿಕೊಂಡು ಅಗಿದ. ಅವನ ಒಂದು ಕಣ್ಣು ಮುಚ್ಚಿತು.

"ಹುಳಿ ಅದಾರಿ."

"ಅಂದ್ರ?"

"ಪುಂಡಿ ಪಲ್ಲೆ ರೀ. ಗಾಂಜಾ ಠಾಣೆದವ್ರು ಯಾವಾಗೋ ಸೇದಿ ಮುಗಿಸ್ಯಾರ. ಇದು ನಮ್ಮ ಬಂಡೆಮ್ಮನ ಗಡಿಗೀದು. ಕಡ್ಡಿ ಆರಿಸೂದಿಲ್ಲ ನೋಡ್ರಿ ಆಕಿ, ಎಷ್ಟು ಬೈದ್ರೂ."

ಕೋರ್ಟು ಗೊಳ್ಳೆಂದಿತು. ಜಮಾದಾರ ಮುಂದೆ ಬಂದ. "ಸುಳ್ಳ್ರೀ ಸಾಹೇಬ್ರ! ಎಲಿ ನೋಡ್ರಿ, ಬರೋಬ್ಬರಿ ಐದು ಬೆರಳಿನಂಗ ಅದಾ!"

ಅದೂ ನಿಜವೇ. ಎರಡರ ಎಲೆಯೂ ಅಂಗೈ ಬಿಚ್ಚಿದ ಹಾಗೆಯೇ ಇರುತ್ತದೆ. ಮುನ್ಸೀಫರು ಗದ್ದ ತುರಿಸಿಕೊಂಡರು. "ಹೈದರಾಬಾದಿಗೆ ಪರೀಕ್ಷಾಕ್ಕ ಕಳಿಸಬೇಕಾಗ್ತದ. ಮೂರು ತಿಂಗಳು ಹಿಡೀತದ. ಅಲ್ಲೀತನಕ ಇವ ಒಳಗ."

ಪೀರಪ್ಪನ ಕಣ್ಣ ಮುಂದೆ ಬುಧವಾರ ಬಂದು ನಿಂತಿತು. "ಮೂರು ತಿಂಗಳ್ಯಾಕ್ರಿ ಧಣೇರ? ಒಂದು ತಾಸಿನ ಕೆಲಸ. ಕುದಿಸ್ರಿ. ಗಾಂಜಾ ಇದ್ರ ನಾ ಜೇಲಿಗಿ. ಪುಂಡಿ ಇದ್ರ ಅದು ರೊಟ್ಟಿಗಿ."

ಮುನ್ಸೀಫರಿಗೂ ಹಸಿವಾಗಿತ್ತು. ಅರ್ಧ ಗಂಟನ್ನು ಜವಾನನ ಕೈಗೆ ಕೊಟ್ಟು ಬ್ರಹ್ಮಪುರದ ತಮ್ಮ ಮನೆಗೆ, ಹೆಂಡತಿಯ ಬಳಿಗೆ ಕಳಿಸಿದರು. "ಅನಸೂಯಾಬಾಯಿಗೆ ಕೊಡು. ಕೇಸಂತ ಹೇಳಬ್ಯಾಡ. ಏನು ಅನಸ್ತದೋ ಅದನ್ನ ಮಾಡು ಅನ್ನು."

ಕಾಯುವ ಹೊತ್ತಿನಲ್ಲಿ ಮುನ್ಸೀಫರು ಕೇಳಿದರು: "ಅಲ್ಲೋ, ಸರ್ಕಾರ ಅಂಗಡಿ ಬಂದ್ ಮಾಡಿದ್ದು ನಿಮ್ಮ ಒಳ್ಳೇದಕ್ಕಲ್ಲೇನು?"

"ಬಂದ್ ಆಗಿದ್ದು ಅಂಗಡಿ ರೀ, ಸೇದೂದಲ್ಲ. ಮೊದಲ ಹರಾಜಿನ ರೊಕ್ಕ ಸರ್ಕಾರಕ್ಕ ಬರ್ತಿತ್ತು. ಈಗ ಅದೇ ರೊಕ್ಕ ಕೊಟ್ಟಿಗ್ಯಾಗ ಹೋಗ್ತದ. ಮೊದಲ ಸೆಗಣಿ ಬೆರಸಿದ್ರ ಆಬ್ಕಾರಿಯವ್ರು ಕಿವಿ ಹಿಂಡ್ತಿದ್ರು. ಸಣ್ಣ ಹುಡುಗ್ರು ಬಂದ್ರ ನಾ ಮೀಸಿ ನೋಡಿ ವಾಪಸ್ ಕಳಿಸ್ತಿದ್ದೆ. ಈಗ ಕತ್ತಲ ಕೊಟ್ಟಿಗ್ಯಾಗ ಯಾರ ಮೀಸಿ ಯಾರು ನೋಡ್ತಾರ?"

"ಹಂಗಂದ್ರ ಗಾಂಜಾ ಚಲೋ ಅಂತೀ?"

"ಇಲ್ರೀ. ಕೆಟ್ಟದ್ದೇ. ನಾ ಎಮ್ಮಿಗಿ ಸಲಾಮ್ ಹೊಡದೀನಿ. ಆದ್ರ ಅದಕ್ಕ ನನ್ನ ಜೇಲಿಗಿ ಹಾಕಿದ್ರ ಎಮ್ಮಿಗೇನು ಫಾಯ್ದಾ? ನನ್ನ ಹಿಡೀಲಾಕ ಒಬ್ಬ ಜಮಾದಾರ, ಇಬ್ಬರು ಪೊಲೀಸ್ರು, ಮೋಟಾರಿನ ಟಿಕೀಟು, ಜೇಲಿನ ರೊಟ್ಟಿ, ನಿಮ್ಮ ಪಗಾರ. ಇಷ್ಟು ಖರ್ಚು ಮಾಡಿ ಸರ್ಕಾರ ಹಿಡದಿದ್ದು ಏನು? ಒಂದು ಬೊಗಸಿ ಪಲ್ಲೆ. ಅಂಗಡಿ ತೆಗೀರಿ, ಫಲಕ ಹಾಕ್ರಿ, ತಕ್ಕಡಿ ಇಡ್ರಿ, ತೆರಿಗಿ ತಗೋರಿ. ಆ ತೆರಿಗ್ಯಾಗ ನಮ್ಮೂರಿಗಿ ಒಂದು ದವಾಖಾನಿ ಕಟ್ರಿ. ಕೆಮ್ಮವ್ರು ಅಲ್ಲೇ ಹೋಗ್ಲಿ."

"ಬಾತ್ ತೋ ಸಹೀ ಹೈ, ಸಾಬ್," ಎಂದು ಸಲಾವುದ್ದೀನ್ ಒಪ್ಪಿ ತಲೆಯಾಡಿಸಿದ.

"ನಾ ಕಾಯ್ದೆ ಮಾಡಾವಲ್ಲಪಾ, ಓದಾವ," ಎಂದರು ಮುನ್ಸೀಫರು. ಆದರೆ ದನಿ ಸಣ್ಣದಾಗಿತ್ತು.

ಜವಾನ ಮುಚ್ಚಿದ ಪಾತ್ರೆ ಹಿಡಿದು ಬಂದ. "ಬಾಯಾರು ಹೇಳ್ಯಾರ್ರಿ. ಕಡ್ಡಿ ಭಾಳ ಅವ, ಕಳಿಸಿದವರಿಗಿ ಕಣ್ಣಿಲ್ಲೇನು ಅಂತ. ಮತ್ತ ಪಲ್ಲೆ ಕಳಿಸೂದಿದ್ರ ಮುಂಜಾನೇ ಕಳಿಸ್ಬೇಕಂತ."

ಸಾಕ್ಷ್ಯವನ್ನು ಬಡಿಸಿದರು. ಮುನ್ಸೀಫರು ತಿಂದರು, ಸಲಾವುದ್ದೀನ್ ತಿಂದ. ಜಮಾದಾರನಿಗೆ ತಿನ್ನಲೇಬೇಕಾಯಿತು. ಅವರಿಗೆಲ್ಲ ಎಲೆ ಹಾಕಿದ್ದರು. ಪೀರಪ್ಪನಿಗೆ ಮಾತ್ರ ಜವಾನ ಎತ್ತರದಿಂದ ಅಂಗೈಗೆ ಬಿಟ್ಟ. ಕಾಯ್ದೆ ಬದಲಾಗಿತ್ತು, ಜವಾನನ ಕೈಯ ಎತ್ತರ ಬದಲಾಗಿರಲಿಲ್ಲ. ಪೀರಪ್ಪ ಆ ಎತ್ತರವನ್ನು ಒಮ್ಮೆ ಅಳೆದು ನೋಡಿ, ನೆಕ್ಕಿದ. ಅರ್ಧ ತಾಸು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಯಾರಿಗೂ ನಶೆ ಏರಲಿಲ್ಲ.

"ಏನಾದ್ರೂ ಹೇಳೂದದೇನು?" ಎಂದರು ಮುನ್ಸೀಫರು.

"ಬೆಳ್ಳುಳ್ಳಿ ಹಾಕಿಲ್ರಿ," ಎಂದ ಪೀರಪ್ಪ.

ಕೇಸು ಖಾರಿಜ್ ಆಯಿತು. ಪೀರಪ್ಪ ಮಾತ್ರ ಕದಲಲಿಲ್ಲ. "ಪಂಚನಾಮೆದ್ದು ಒಂದು ನಕಲು ಕೊಡ್ರಿ."

"ಬಿಡುಗಡೆ ಆಗೀದಿ. ಅದ್ಯಾಕ?"

"ಅದರಾಗ ನನ್ನ ತೋಟ ಅದಾರಿ."

ಮುನ್ಸೀಫರು ಕಾಗದವನ್ನು ಮತ್ತೊಮ್ಮೆ ಓದಿದರು. ಕಬ್ಜಾ ಪೀರಪ್ಪನದು, ಹತ್ತು ವರ್ಷದಿಂದ, ಪಂಚ ರೇವಣಪ್ಪ. ಕನ್ನಡಕ ತೆಗೆದು ಪೀರಪ್ಪನನ್ನು ನೋಡಿದರು. "ಸಲಾವುದ್ದೀನ್, ಎರಡು ನಕಲು ಕೊಡು. ಮೊಹರು ಒತ್ತಿ ಹೊಡಿ."

ಬುಧವಾರ ಕಮಲಾಪುರದ ಚಾವಡಿಯಲ್ಲಿ ತಹಸೀಲ್ದಾರರು ಕೂತಿದ್ದರು. "ಇವ ಬರೇ ಕೂಲಿ ರೀ, ಮೊನ್ನೆ ಬಂದಾವ," ಎಂದ ಸಾಹುಕಾರ. ಪೀರಪ್ಪ ಎರಡು ಕೈಯಿಂದ ನಕಲು ಮುಂದೆ ಹಿಡಿದ. ಎಮ್ಮೆಯಂತಲ್ಲದೆ ಈ ತಹಸೀಲ್ದಾರರು ಕಾಗದ ತೆಗೆದುಕೊಂಡರು.

"ಈ ಸಹಿ ನಿಮ್ದೇನ್ರಿ ಸಾಹುಕಾರ್ರ?"

"ಸಹಿ ನಂದೇ... ಆದ್ರ ಅದು ಸುಳ್ಳು ಕೇಸ್ರೀ!"

ಮೂಲೆಯಲ್ಲಿದ್ದ ಜಮಾದಾರ ಜೋರಾಗಿ ಕೆಮ್ಮಿದ.

"ಸುಳ್ಳಿದ್ರ ಜಮಾದಾರನ ಹೆಸರು ಬರ್ಕೋತೀನಿ, ಸಾಕ್ಷಿ ಹೇಳಿದ ನಿಮ್ಮ ಹೆಸರೂ. ಖರೇ ಇದ್ರ ಪೀರಪ್ಪನ ಹೆಸರು. ಯಾವುದು?"

ಸಾಹುಕಾರ ಜಮಾದಾರನನ್ನು ನೋಡಿದ. ಜಮಾದಾರ ಸೂರು ನೋಡಿದ.

"ಖರೇ ರೀ," ಎಂದ ಸಾಹುಕಾರ. ಒಂದು ಹಲ್ಲು ಕಿತ್ತ ಹಾಗಿತ್ತು ಅವನ ದನಿ.

ಆದರೆ ಕಾಯ್ದೆ ಹಾಗೆಯೇ ಇತ್ತು, ಕೊಟ್ಟಿಗೆಯೂ ಹಾಗೆಯೇ ಇತ್ತು. ಮುಂದಿನ ತಿಂಗಳು ಸಂತೆಯ ದಿನ ಜಮಾದಾರ ಮತ್ತೆ ಬಂದ. ಕಂಕುಳಲ್ಲಿ ಹೊಸ ಗಂಟು. ಕಟ್ಟೆಯ ಮೇಲೆ ಪಾಳಿಯವರೆಲ್ಲ ಕೂತಿದ್ದರು. ಯಂಕಪ್ಪ ರೊಕ್ಕ ಕೊಟ್ಟು ಕ್ಷೌರ ಮಾಡಿಸಿಕೊಂಡಿದ್ದ. ತಲೆ ಮಿಂಚುತ್ತಿತ್ತು.

"ಯಾರದೋ ಪಾಳಿ?"

ಯಾರೂ ಏಳಲಿಲ್ಲ.

"ಯಂಕ್ಯಾ, ನಿಂದಲ್ಲೇನೋ?"

"ನಂದು ಹ್ವಾದ ತಿಂಗಳೇ ಇತ್ತು, ನೀವೇ ಬ್ಯಾಡಂದ್ರಿ," ಎಂದ ಯಂಕಪ್ಪ. "ಈ ತಿಂಗಳ ಪಾಳಿ ಸಾಹುಕಾರ್ರದು ರೀ."

"ಹೌದು, ಸಾಹುಕಾರ್ರದು," ಎಂದವು ಹದಿಮೂರು ಬಾಯಿ.

ಬಂಡೆಮ್ಮ ಆಗಲೇ ಒಂದು ಹಾಸಿಗೆ ಸುತ್ತಿ ರೇವಣಪ್ಪನ ಬಾಗಿಲ ಮುಂದೆ ಇಟ್ಟು ಬಂದಿದ್ದಳು. ಅಂಗಡಿ ಬಂದ್ ಆದ ದಿನದಿಂದ ಎತ್ತಿಟ್ಟಿದ್ದ ಹಳೆಯ ತಕ್ಕಡಿಯನ್ನು ಪೀರಪ್ಪ ಮನೆಯೊಳಗಿಂದ ತಂದು ಹೆಗಲಿಗೇರಿಸಿದ. ತುಕ್ಕು ಹಿಡಿದಿತ್ತು, ಮೊಹರು ಮಾತ್ರ ಇನ್ನೂ ಕಾಣುತ್ತಿತ್ತು.

"ನಡೀರಿ ಸಾಹೇಬ್ರ, ಕೊಟ್ಟಿಗಿ ತೋರಿಸ್ತೀವಿ," ಎಂದ. "ಹಿಡಿಯಾವ್ರು ನೀವು. ತೂಕ ಮಾತ್ರ ನಾ ಮಾಡ್ತೀನಿ."

ಮುಂದೆ ತಕ್ಕಡಿ, ಹಿಂದೆ ಸಂತೆಯ ಜನವೆಲ್ಲ. ನಡುವೆ ಜಮಾದಾರ. ಅವನಿಗೆ ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ.