ಇಕುಯೊ ಮಡಚಿದ ಕಿರುಬೆರಳು

ಮಡಚಿಕೊಂಡಿದ್ದಾಳೆ, ಎಡಗೈಯ ಕಿರುಬೆರಳನ್ನು ಅಂಗೈಯೊಳಕ್ಕೆ ಮಡಚಿಕೊಂಡೇ ನನ್ನ ಶಿಷ್ಯೆ ಇಕುಯೊ ವೇದಿಕೆಯ ಮೇಲೆ ನಾನು ಬರೆದ ಕೃತಿಯನ್ನು ಗಿಟಾರಿನಲ್ಲಿ ನುಡಿಸುತ್ತಿದ್ದಾಳೆ, ಅಣಕಿಸುತ್ತಿದ್ದಾಳೆಯೇ ನನ್ನನ್ನು, ಇಡೀ ಕೋಬೆ ನಗರದ ಎದುರು — ಇಲ್ಲ, ಮುಖದಲ್ಲಿ ನಗುವಿಲ್ಲ, ಹುಬ್ಬು ಗಂಟಿಕ್ಕಿದೆ, ಹಣೆ ಬೆವರಿದೆ, ನನ್ನ ಕಿರುಬೆರಳು ಹೀಗೇ ಇದೆಯಲ್ಲ, ಚಿಕ್ಕಂದಿನಿಂದ, ನಿಶಿನೊಮಿಯಾದ ನಮ್ಮ ಅಂಗಳದಲ್ಲಿ ಅಪ್ಪ ಅಕ್ಕಿಮದ್ಯದ ಪೀಪಾಯಿಗೆ ಬಿದಿರಿನ ಬಳೆ ಬಡಿಯುತ್ತಿದ್ದಾಗ, ಹಿಡಿದುಕೊಂಡಿದ್ದ ನನ್ನ ಕೈಮೇಲೆ ಕೊಡತಿ ಜಾರಿದ ದಿನದಿಂದ, ದೇವದಾರು ಚಕ್ಕೆಯ ವಾಸನೆ, ಅಪ್ಪನ ಬಿಳಿಚಿದ ತುಟಿ, ಬೆರಳು ಉಳಿಯಿತು, ನೆಟ್ಟಗಾಗಲಿಲ್ಲ, ಅಪ್ಪ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ, ಬಂದರಿನ ಹಳೆ ಸಾಮಾನಿನ ಅಂಗಡಿಯಿಂದ ನಾನು ಗಿಟಾರ್ ಹೊತ್ತು ತಂದಾಗ ಮಾತ್ರ ದುರುಗುಟ್ಟಿ ನೋಡಿದ, ಏನೋ ಇದು, ನಮ್ಮ ಮೂರು ತಂತಿಯ ಶಾಮಿಸೆನ್ ಬಸುರಿಯಾದ ಹಾಗಿದೆ, ಆ ಕೈಯಲ್ಲಿ ಹೇಗೆ ನುಡಿಸ್ತೀಯೋ.

ನುಡಿಸಿದೆ. ಹೇಳಿಕೊಡುವವರು ಯಾರಿದ್ದರು ಆಗ, ಇಟಲಿಯಿಂದ ಬಂದ ಪುಸ್ತಕದ ಚಿತ್ರದಲ್ಲಿ ತಂತಿ ಒತ್ತಲು ನಾಲ್ಕು ಬೆರಳು, ನನಗೆ ಮೂರು, ಅವರು ಬರೆದದ್ದು ನನ್ನ ಕೈಗೆ ಒಗ್ಗದಿದ್ದರೆ ಒಗ್ಗುವುದನ್ನು ನಾನೇ ಬರೆಯುತ್ತೇನೆ, ಬರೆದೆ, ಟೋಕಿಯೋದ ಪತ್ರಿಕೆಯವನೊಬ್ಬ ಮೂರು ಬೆರಳಿನ ಸಂಗೀತ ಎಂದು ಗೇಲಿ ಮಾಡಿದ ಮೇಲೂ ಬರೆದೆ, ಈ ಕೃತಿಯ ಕೊನೆಯಲ್ಲೊಂದು ಎತ್ತರದ ಸ್ವರವಿದೆ, ಬೇರೆಯವರಿಗೆ ಕಿರುಬೆರಳು ಚಾಚಿದರೆ ಸಿಗುತ್ತದೆ, ನಾನು ತಂತಿ ಬಿಟ್ಟು ಇಡೀ ಕೈಯನ್ನೇ ಜಿಗಿಸಬೇಕು, ಜಿಗಿಯುವಷ್ಟರಲ್ಲಿ ಚೂರು ಮೌನ — ಅದನ್ನು ಕಲಿಸುವಾಗ ಇಕುಯೊಗೆ ಹೇಳಿದ್ದೆ, ನಿನ್ನ ಕೈ ಚೆನ್ನಾಗಿದೆಯಲ್ಲಮ್ಮ, ನಾಲ್ಕೂ ಬೆರಳು ಹಾಕು, ನಾನು ಜಿಗಿಯೋದು ಬೇರೆ ದಾರಿ ಇಲ್ಲದೆ, ಅವಳು ತಲೆ ತಗ್ಗಿಸಿ, ನಾಲ್ಕು ಹಾಕಿದ್ರೆ ನಡುವಿನ ಆ ಉಸಿರೇ ಹೋಗ್ಬಿಡುತ್ತೆ ಗುರುಗಳೇ, ಅಂದಿದ್ದಳು, ನನ್ನ ಮನಸ್ಸು ನೋಯದಿರಲೆಂದು ಆಡಿದ ಮಾತು ಅಂದುಕೊಂಡಿದ್ದೆ.

ಪಕ್ಕದಲ್ಲಿ ಕೂತ ಅಪ್ಪ ಮೊಣಕೈಯಿಂದ ತಿವಿಯುತ್ತಾನೆ, ಕಿವಿ ಮಂದ, ಪಿಸುಗುಟ್ಟಿದರೂ ಅರ್ಧ ಸಭೆಗೆ ಕೇಳಿಸುತ್ತದೆ, ಲೋ ಶಿಗೆಜೊ, ಪಾಪ, ಆ ಹುಡುಗೀಗೂ ಬೆರಳು ಹೋಗಿದೆಯೇನೋ. ಇಲ್ಲಪ್ಪ, ಚೆನ್ನಾಗಿದೆ. ಮತ್ತ್ಯಾಕೆ ಮಡಚಿದ್ದಾಳೆ. ಇದನ್ನ ನುಡಿಸೋದೇ ಹಾಗಪ್ಪ. ಅಂದುಬಿಟ್ಟೆ, ಮುಂದಿನ ಸಾಲಿನ ಹೆಂಗಸು ತಿರುಗಿ ನೋಡುತ್ತಾಳೆ, ನೋಡಲಿ, ಹೌದು, ಇದನ್ನು ನುಡಿಸುವುದೇ ಹಾಗೆ, ನಾಳೆ ನಾನಿಲ್ಲದಿದ್ದರೂ ಹಾಗೇ, ಅಪ್ಪ ಬಾಯಲ್ಲೇ ಏನೋ ಗೊಣಗಿ, ಕಿಮೊನೊ ನಿಲುವಂಗಿಯ ಕೊರಳಪಟ್ಟಿ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ, ಯಾರದೋ ಮದುವೆಯಲ್ಲಿ ಹಿರಿಯನಾಗಿ ಕೂತ ಹಾಗೆ, ಬಂತು, ಆ ಜಾಗ ಬಂತು, ಚಾಚಿದರೆ ಸಾಕು ಅವಳಿಗೆ, ಸಲೀಸಾಗಿ ಸಿಗುತ್ತದೆ, ಚಾಚುವುದಿಲ್ಲ, ತಂತಿ ಬಿಟ್ಟು ಕೈ ಮೇಲೇಳುತ್ತದೆ, ಸಭೆಯಲ್ಲಿ ಕೆಮ್ಮೂ ಇಲ್ಲ, ದೀಪದ ಬೆಳಕಿನಲ್ಲಿ, ಗಾಳಿಯಲ್ಲಿ, ಅವಳ ಕೈ — ಮೂರು ಬೆರಳು ಚಾಚಿ, ಒಂದು ಮಡಚಿ —